ವಿಡಿಯೊ ಕಾಲ್‌ನಲ್ಲಿ ನೋಡಿದ ಡಾಕ್ಟರ ಫೀಸು ಇನ್ಶೂರೆನ್ಸ್‌ನಿಂದ ವಾಪಸ್ ಬರುತ್ತದೆಯೇ?

'ಡಾಕ್ಟರ್ ಕನ್ಸಲ್ಟೇಶನ್ ಅನ್‌ಲಿಮಿಟೆಡ್, ಉಚಿತ' ಅಂತ ಪಾಲಿಸಿಯ ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಇರುತ್ತದೆ. ಅದನ್ನು ನಂಬಿ ಪಾಲಿಸಿ ಮಾಡಿಸಿದವರು ತಮಗೆ ಗೊತ್ತಿರುವ ಡಾಕ್ಟರಿಗೆ ವಿಡಿಯೊ ಕಾಲ್ ಮಾಡುತ್ತಾರೆ, ಐನೂರು ರೂಪಾಯಿ ಯುಪಿಐ ಮಾಡುತ್ತಾರೆ, ಆ ಸ್ಕ್ರೀನ್‌ಶಾಟನ್ನೇ ಕ್ಲೇಮ್‌ಗೆ ಹಾಕುತ್ತಾರೆ. ಕೆಲವು ದಿನಕ್ಕೆ 'ನಾಟ್ ಪೇಯಬಲ್' ಅಂತ ಒಂದು ಸಾಲು ಬರುತ್ತದೆ. ಕಂಪನಿ ಮೋಸ ಮಾಡಿತು ಅಂತ ಸಿಟ್ಟಾಗುವವರೇ ಹೆಚ್ಚು. ಕಂಪನಿಯ ಪರ ವಕಾಲತ್ತು ಮಾಡುವ ಉದ್ದೇಶ ನನಗಿಲ್ಲ, ಆದರೆ ಅಲ್ಲಿ ಆಗಿರುವುದು ಬೇರೆ. 'ಉಚಿತ' ಅನ್ನುವ ಪದ ಪಾಲಿಸಿಯ ಒಂದು ಮೂಲೆಯಲ್ಲಿದೆ, 'ಹಣ ವಾಪಸ್' ಅನ್ನುವ ಪದ ಇನ್ನೊಂದು ಮೂಲೆಯಲ್ಲಿದೆ. ಎರಡಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಫೋನಿನಲ್ಲಿ ನೋಡಿ ಔಷಧ ಬರೆಯುವುದು ಸರಿಯೋ ತಪ್ಪೋ ಅನ್ನುವುದು ನಮ್ಮಲ್ಲಿ ಬಹಳ ಕಾಲ ಅಸ್ಪಷ್ಟವಾಗಿತ್ತು. 2020ರ ಮಾರ್ಚ್ 25ರಂದು, ಅಂದರೆ ಲಾಕ್‌ಡೌನ್ ಶುರುವಾದ ದಿನವೇ, ಟೆಲಿಮೆಡಿಸಿನ್ ಪ್ರಾಕ್ಟೀಸ್ ಗೈಡ್‌ಲೈನ್ಸ್ ಬಂತು. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿಗೆ ಅದನ್ನು ಐದನೇ ಅನುಬಂಧವಾಗಿ ಸೇರಿಸಿದರು. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮಾವಳಿ ತಂದು, ಅದೇ ತಿಂಗಳು ತಡೆಹಿಡಿಯಿತು. ಹಾಗಾಗಿ 2020ರದ್ದೇ ಆಧಾರ. ಇತ್ತ ವಿಮಾ ನಿಯಂತ್ರಕರಾದ ಐಆರ್‌ಡಿಎಐ 2020ರ ಜೂನ್ 11ರಂದು ಕಂಪನಿಗಳಿಗೆ ಸುತ್ತೋಲೆ ಕಳಿಸಿತು: ಪಾಲಿಸಿಯಲ್ಲಿ ಎಲ್ಲೆಲ್ಲಿ ವೈದ್ಯರ ಸಲಹೆಗೆ ಹಣ ಕೊಡಲು ಒಪ್ಪಿದ್ದೀರೋ ಅಲ್ಲೆಲ್ಲ ಈ ಗೈಡ್‌ಲೈನ್ಸ್ ಪ್ರಕಾರ ನಡೆದ ಟೆಲಿಮೆಡಿಸಿನ್ ಸಲಹೆಗೂ ಕೊಡಿ.

'ಎಲ್ಲೆಲ್ಲಿ ಒಪ್ಪಿದ್ದೀರೋ' ಅನ್ನುವಲ್ಲೇ ಗಂಟು ಇರುವುದು. ಸುತ್ತೋಲೆ ಹೊಸ ಸೌಲಭ್ಯವನ್ನೇನೂ ಹುಟ್ಟಿಸಲಿಲ್ಲ. ಕ್ಲಿನಿಕ್‌ಗೆ ಹೋಗಿ ತೋರಿಸಿದ್ದರೆ ಬರುತ್ತಿದ್ದ ಹಣ ಫೋನಿನಲ್ಲಿ ತೋರಿಸಿದರೂ ಬರಬೇಕು, ಅಷ್ಟೇ. ಮಿತಿ, ಉಪಮಿತಿಗಳೂ ಹಾಗೆಯೇ ಅನ್ವಯಿಸುತ್ತವೆ. ನಮ್ಮಲ್ಲಿ ಸಾಮಾನ್ಯವಾಗಿ ಮಾರಾಟವಾಗುವ ಪಾಲಿಸಿಗಳಲ್ಲಿ ಹೆಚ್ಚಿನವು ಅಡ್ಮಿಟ್ ಆದರೆ ಮಾತ್ರ ಹಣ ಕೊಡುವಂಥವು. ಹೊರರೋಗಿಯಾಗಿ ತೋರಿಸಿದ ಖರ್ಚೇ ಅವುಗಳಲ್ಲಿ ಇಲ್ಲ. ಅಲ್ಲಿಲ್ಲದ್ದು ಫೋನಿನಲ್ಲೂ ಇಲ್ಲ.

ಒಟ್ಟು ಮೂರು ದಾರಿಗಳಿವೆ. ಮೊದಲನೆಯದು ಜಾಹೀರಾತಿನ 'ಉಚಿತ'. ಇದನ್ನು ವೆಲ್‌ನೆಸ್ ಸೌಲಭ್ಯ ಅಂತಲೋ ವ್ಯಾಲ್ಯೂ ಆ್ಯಡೆಡ್ ಸರ್ವೀಸ್ ಅಂತಲೋ ಪಾಲಿಸಿಯ ಕೊನೆಯ ಪುಟಗಳಲ್ಲಿ ಬರೆದಿರುತ್ತಾರೆ. ಇದು ಹಣ ವಾಪಸ್ ಕೊಡುವ ಕರಾರಲ್ಲ, ಸೇವೆ. ಕಂಪನಿ ಯಾವುದೋ ಆ್ಯಪ್‌ನವರ ಜತೆ ಒಪ್ಪಂದ ಮಾಡಿಕೊಂಡಿರುತ್ತದೆ, ನೀವು ಆ ಆ್ಯಪ್‌ನ ಒಳಗಿನಿಂದಲೇ ಆ ಪಟ್ಟಿಯ ಡಾಕ್ಟರನ್ನೇ ನೋಡಬೇಕು. ಸಾಮಾನ್ಯವಾಗಿ ಸಿಗುವವರು ಜನರಲ್ ಫಿಜಿಶಿಯನ್. ಚರ್ಮದವರು, ಹೃದಯದವರು ಬೇಕೆಂದರೆ ಬೇರೆ ಶುಲ್ಕ, ಅಥವಾ ವರ್ಷಕ್ಕೆ ಇಷ್ಟು ಸಲ ಅನ್ನುವ ಲೆಕ್ಕ. ನೆಗಡಿ, ವಾಂತಿ-ಭೇದಿ, ರಿಪೋರ್ಟ್ ಓದಿಸುವುದು ಇಂಥದಕ್ಕೆ ಚೆನ್ನಾಗಿಯೇ ಉಪಯೋಗ ಆಗುತ್ತದೆ. ಬಳಸಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಕ್ಕೆ ಸಿಗುವ ಲಾಭ, ಹೋಗುತ್ತದೆ ಎಂದು ಹೆದರುವವರಿದ್ದಾರೆ. ಸೇವೆ ಪಡೆದದ್ದು ಕ್ಲೇಮ್ ಅಲ್ಲ, ಬೋನಸ್‌ಗೂ ಅದಕ್ಕೂ ಸಂಬಂಧವಿಲ್ಲ.

ಎರಡನೆಯದು ಒಪಿಡಿ ಕವರ್, ಅಂದರೆ ಅಡ್ಮಿಟ್ ಆಗದೆ ಹೊರರೋಗಿಯಾಗಿ ತೋರಿಸಿದ ಖರ್ಚಿಗೂ ಹಣ ಕೊಡುವ ಕರಾರು. ಪಾಲಿಸಿಯ ಒಳಗೇ ಇರಬಹುದು, ಹೆಚ್ಚು ಪ್ರೀಮಿಯಂ ಕೊಟ್ಟು ರೈಡರ್ ಆಗಿ ಸೇರಿಸಿಕೊಂಡಿರಬಹುದು, ಆಫೀಸಿನ ಗ್ರೂಪ್ ಪಾಲಿಸಿಯಲ್ಲಿ 'ಒಪಿಡಿ ವಾಲೆಟ್' ಅಂತ ಬಂದಿರಬಹುದು. ಇಲ್ಲಿ ನಿಮ್ಮದೇ ಡಾಕ್ಟರನ್ನು ವಿಡಿಯೊದಲ್ಲಿ ನೋಡಿ ಬಿಲ್ ಹಾಕಬಹುದು, ಪಾಲಿಸಿ 'ನೆಟ್‌ವರ್ಕ್‌ನಲ್ಲಿ ಮಾತ್ರ', ಅಂದರೆ ಕಂಪನಿಯ ಪಟ್ಟಿಯಲ್ಲಿರುವ ಡಾಕ್ಟರಲ್ಲಿ ಮಾತ್ರ, ಅನ್ನದಿದ್ದರೆ. ಗಮನಿಸಬೇಕಾದ್ದು ಮೂರು: ವರ್ಷಕ್ಕೆ ಎಷ್ಟು, ಒಂದು ಸಲಕ್ಕೆ ಎಷ್ಟು, ಔಷಧ ಮತ್ತು ಪರೀಕ್ಷೆ ಸೇರಿದೆಯೋ ಇಲ್ಲವೋ. ನನ್ನ ಅಭಿಪ್ರಾಯ ಕೇಳಿದರೆ, ತಿಂಗಳು ತಿಂಗಳು ಡಾಕ್ಟರನ್ನು ನೋಡಬೇಕಾದ ಕಾಯಿಲೆ ಮನೆಯಲ್ಲಿ ಇಲ್ಲದಿದ್ದರೆ ಒಪಿಡಿ ರೈಡರ್ ಅಷ್ಟೇನೂ ಲಾಭದ್ದಲ್ಲ. ಆಸ್ಪತ್ರೆ ಸೇರುವುದು ಎಲ್ಲರಿಗೂ ಬರುವ ಪ್ರಸಂಗವಲ್ಲ, ಅದಕ್ಕೇ ಅಲ್ಲಿ ವಿಮೆ ಅಗ್ಗ. ಡಾಕ್ಟರಿಗೆ ತೋರಿಸುವುದು ವರ್ಷಕ್ಕೆ ನಾಲ್ಕು ಸಲ ಬಂದೇ ಬರುತ್ತದೆ. ಬಂದೇ ಬರುವ ಖರ್ಚಿಗೆ ವಿಮೆ ಮಾಡಿದರೆ ಕಂಪನಿ ಆ ಖರ್ಚಿನ ಬಹುಪಾಲನ್ನು ಪ್ರೀಮಿಯಂನಲ್ಲೇ ಮೊದಲು ತೆಗೆದಿಟ್ಟುಕೊಳ್ಳುತ್ತದೆ. ರೈಡರಿನ ಪ್ರೀಮಿಯಂ ಎಷ್ಟು, ಅದು ಕೊಡುವ ಗರಿಷ್ಠ ಮೊತ್ತ ಎಷ್ಟು ಅಂತ ಅಕ್ಕಪಕ್ಕ ಬರೆದು ನೋಡಿ, ಗೊತ್ತಾಗುತ್ತದೆ.

ಮೂರನೆಯ ದಾರಿಯೇ ಜನ ಮರೆಯುವುದು. ಅಡ್ಮಿಟ್ ಆಗುವುದಕ್ಕೆ ಮುಂಚಿನ ಮತ್ತು ಡಿಸ್ಚಾರ್ಜ್ ನಂತರದ ಖರ್ಚು. ಅಡ್ಮಿಶನ್‌ಗೆ ಹಣ ಕೊಡುವ ಸಾಮಾನ್ಯ ಪಾಲಿಸಿಗಳಲ್ಲೆಲ್ಲ ಇದು ಇದ್ದೇ ಇರುತ್ತದೆ. 2020ರ ಏಪ್ರಿಲ್‌ನಿಂದ ಕಂಪನಿಗಳು ಮಾರಲೇಬೇಕಾದ 'ಆರೋಗ್ಯ ಸಂಜೀವನಿ' ಪಾಲಿಸಿಯಲ್ಲಿ ಮುಂಚೆ 30 ದಿನ, ನಂತರ 60 ದಿನ. ಬೇರೆ ಪಾಲಿಸಿಗಳಲ್ಲಿ 60-90, 60-180 ಕೂಡ ಇರುತ್ತದೆ. ಆ ಅವಧಿಯೊಳಗೆ ಅದೇ ಕಾಯಿಲೆಗೆ ನೋಡಿದ ಡಾಕ್ಟರ ಫೀಸು, ಸ್ಕ್ಯಾನ್, ರಕ್ತ ಪರೀಕ್ಷೆ, ಮಾತ್ರೆ ಎಲ್ಲವೂ ಸಲ್ಲುತ್ತದೆ. ಒಪಿಡಿ ಕವರ್ ಇಲ್ಲದಿದ್ದರೂ ಸಲ್ಲುತ್ತದೆ. ಡಾಕ್ಟರ ಫೀಸು ಸಲ್ಲುತ್ತದೆ ಅಂದಮೇಲೆ ಜೂನ್ 2020ರ ಸುತ್ತೋಲೆಯ ಪ್ರಕಾರ ವಿಡಿಯೊ ಕಾಲ್‌ನ ಫೀಸೂ ಸಲ್ಲುತ್ತದೆ.

ಒಂದು ಲೆಕ್ಕ ಹಾಕೋಣ. ಕುಮಟೆಯ ಒಬ್ಬರಿಗೆ ಪಿತ್ತಕೋಶದ ಕಲ್ಲು. ಹುಬ್ಬಳ್ಳಿಯಲ್ಲಿ ಆಪರೇಶನ್. ಆರೋಗ್ಯ ಸಂಜೀವನಿ ಪಾಲಿಸಿ, ಈ ಕಾಯಿಲೆಗೆ ಇರುವ ಎರಡು ವರ್ಷದ ಕಾಯುವ ಅವಧಿ (ಪಾಲಿಸಿ ಕೊಂಡ ಮೇಲೆ ಹಣ ಸಲ್ಲದ ಮೊದಲ ಅವಧಿ) ಮುಗಿದಿದೆ ಅಂದುಕೊಳ್ಳಿ. ಜೂನ್ 12ಕ್ಕೆ ಅಡ್ಮಿಟ್, 15ಕ್ಕೆ ಡಿಸ್ಚಾರ್ಜ್. ಹಿಂದಕ್ಕೆ 30 ದಿನ ಎಣಿಸಿದರೆ ಮೇ 13. ಮುಂದಕ್ಕೆ 60 ದಿನ ಎಣಿಸಿದರೆ ಆಗಸ್ಟ್ 14. ಮೇ 10ರಂದು ಮೊದಲ ಸಲ ವಿಡಿಯೊದಲ್ಲಿ ತೋರಿಸಿದ 600 ರೂಪಾಯಿ ಹೊರಗುಳಿಯಿತು, ಮೂರು ದಿನಕ್ಕೆ ತಪ್ಪಿತು. ಮೇ 20ರ ಎರಡನೇ ಕಾಲ್‌ನ 600, ಮೇ 22ರ ಸ್ಕ್ಯಾನಿಂಗ್‌ನ 1,400 ಒಳಗೆ ಬಂದವು. ಆಪರೇಶನ್ ಆದಮೇಲೆ ಕುಮಟೆಯಿಂದ ಹುಬ್ಬಳ್ಳಿಗೆ ಘಟ್ಟ ಹತ್ತಿ ಹೋಗುವ ಬದಲು ಜೂನ್ 25ಕ್ಕೆ ಮತ್ತು ಜುಲೈ 20ಕ್ಕೆ ವಿಡಿಯೊದಲ್ಲೇ ಸರ್ಜನ್‌ಗೆ ತೋರಿಸಿದ್ದಕ್ಕೆ 500 ಮತ್ತು 500. ಮಾತ್ರೆಗಳಿಗೆ 1,850. ಆಗಸ್ಟ್ 18ರ ಕೊನೆಯ ಕಾಲ್ ಸಲ್ಲುವುದಿಲ್ಲ. ಆ್ಯಪ್ ಪ್ರತಿ ಕಾಲ್‌ಗೆ ಹಾಕಿದ 49 ರೂಪಾಯಿ 'ಪ್ಲಾಟ್‌ಫಾರ್ಮ್ ಫೀ' ಕೂಡ ಇಲ್ಲ, ಅದು ಡಾಕ್ಟರ ಫೀಸಲ್ಲ. ಸಲ್ಲುವ ಮೊತ್ತ 4,850. ಈ ಪಾಲಿಸಿಯಲ್ಲಿ ಎಲ್ಲ ಕ್ಲೇಮ್‌ಗೂ ಶೇ 5 ಕೊ-ಪೇ ಇದೆ, ಅಂದರೆ 242 ರೂಪಾಯಿ 50 ಪೈಸೆ ನಿಮ್ಮದು. ಕೈಗೆ ಬರುವುದು 4,607 ರೂಪಾಯಿ 50 ಪೈಸೆ. ಆಸ್ಪತ್ರೆ ಬಿಲ್ ಕ್ಯಾಶ್‌ಲೆಸ್ ಆಗಿಬಿಟ್ಟರೆ ಎಲ್ಲ ಮುಗಿಯಿತು ಅಂದುಕೊಂಡು ಜನ ಈ ಹಣವನ್ನು ಕೇಳುವುದೇ ಇಲ್ಲ.

ಇದನ್ನು ಕೇಳಲು ಗಡುವಿದೆ. ಮುಂಚಿನ 30 ದಿನದ ಬಿಲ್‌ಗಳನ್ನು ಡಿಸ್ಚಾರ್ಜ್ ಆದ 30 ದಿನದೊಳಗೆ ಕೊಡಬೇಕು. ನಂತರದ್ದನ್ನು ಆ ಚಿಕಿತ್ಸೆ ಮುಗಿದ 15 ದಿನದೊಳಗೆ. ಎಲ್ಲ ಸೇರಿಸಿ ಒಂದೇ ಸಲ ಕೊಡೋಣ ಅಂತ ಆಗಸ್ಟ್ ಕೊನೆಯವರೆಗೆ ಇಟ್ಟುಕೊಂಡರೆ ಮುಂಚಿನದ್ದು ತಡ ಆಗಿರುತ್ತದೆ. ಎರಡು ಕಂತಿನಲ್ಲಿ ಕೊಡಿ, ಎರಡಕ್ಕೂ ಅದೇ ಕ್ಲೇಮ್ ನಂಬರ್ ಬರೆಯಿರಿ. ಮೂಲ ಅಡ್ಮಿಶನ್‌ನ ಕ್ಲೇಮ್ ಒಪ್ಪಿದ್ದರೆ ಮಾತ್ರ ಇದು ನಡೆಯುತ್ತದೆ. ಅದು ತಿರಸ್ಕಾರವಾದರೆ ಇದೂ ಹೋಯಿತು.

ಕಾಯಿಲೆ ಅದೇ ಎಂದು ಕಾಗದ ಹೇಳಬೇಕು. ಮೇ 20ರ ಚೀಟಿಯಲ್ಲಿ 'ಗ್ಯಾಸ್ಟ್ರೈಟಿಸ್' ಅಂತ ಇದ್ದು, ಡಿಸ್ಚಾರ್ಜ್ ಸಮ್ಮರಿಯಲ್ಲಿ 'ಪಿತ್ತಕೋಶದ ಕಲ್ಲು' ಅಂತ ಇದ್ದರೆ ಕ್ಲೇಮ್ ನೋಡುವವರು ಕೆಂಪು ಗೆರೆ ಎಳೆಯುತ್ತಾರೆ. ಮೊದಲ ಸಲ ಡಾಕ್ಟರಿಗೂ ಕಾಯಿಲೆ ಗೊತ್ತಿರುವುದಿಲ್ಲ, ಅದು ಸಹಜ. ಅದಕ್ಕೆ ಚೀಟಿಯಲ್ಲಿ ರೋಗದ ಹೆಸರಿಗಿಂತ ಲಕ್ಷಣ ಬರೆಸುವುದು ಒಳ್ಳೆಯದು: 'ಬಲ ಪಕ್ಕೆಲುಬಿನ ಕೆಳಗೆ ನೋವು, ಊಟದ ನಂತರ ಹೆಚ್ಚು, ಸ್ಕ್ಯಾನ್ ಮಾಡಿಸಿ'. ಆಗ ಕೊಂಡಿ ಕೂಡುತ್ತದೆ.

ಚೀಟಿಯಲ್ಲಿ ಏನಿರಬೇಕು

ಫೋನಿನಲ್ಲಿ ನೋಡಿದ ಚಿಕಿತ್ಸೆಗೆ ಸಾಕ್ಷಿ ಅಂದರೆ ಎರಡೇ ಕಾಗದ: ಚೀಟಿ ಮತ್ತು ರಸೀದಿ. ಯುಪಿಐ ಸ್ಕ್ರೀನ್‌ಶಾಟ್ ನೀವು ಹಣ ಕೊಟ್ಟಿದ್ದಕ್ಕೆ ಸಾಕ್ಷಿ, ಯಾತಕ್ಕೆ ಕೊಟ್ಟಿರಿ ಅನ್ನುವುದಕ್ಕಲ್ಲ. ಫೀಸು ತೆಗೆದುಕೊಂಡರೆ ರಸೀದಿ ಕೊಡಬೇಕು ಅಂತ ಗೈಡ್‌ಲೈನ್ಸ್‌ನಲ್ಲೇ ಇದೆ. ನೋಂದಣಿ ಸಂಖ್ಯೆಯನ್ನು ಚೀಟಿಯಲ್ಲೂ ರಸೀದಿಯಲ್ಲೂ ತೋರಿಸಬೇಕು ಅಂತಲೂ ಇದೆ. ಕೇಳುವುದಕ್ಕೆ ಸಂಕೋಚ ಬೇಡ. ಕರ್ನಾಟಕದ ಡಾಕ್ಟರಾದರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನ ಸಂಖ್ಯೆ ಇರುತ್ತದೆ. ಅನುಮಾನ ಬಂದರೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದ ರಿಜಿಸ್ಟರ್‌ನಲ್ಲಿ ಹೆಸರು ಹಾಕಿ ನೋಡಬಹುದು.

ಹೆಸರು ಪಾಲಿಸಿಯಲ್ಲಿ ಇದ್ದ ಹಾಗೇ ಇರಬೇಕು. ಇಲ್ಲಿ ಆಗುವ ಎಡವಟ್ಟು ಒಂದೆರಡಲ್ಲ. ಆ್ಯಪ್‌ನಲ್ಲಿ ಮಗನ ನಂಬರಿನಿಂದ ಲಾಗಿನ್ ಆಗಿ ಅಮ್ಮನಿಗೆ ತೋರಿಸುತ್ತಾರೆ, ರೋಗಿಯ ಹೆಸರು ಬದಲಿಸುವುದನ್ನು ಮರೆಯುತ್ತಾರೆ. ಅಮ್ಮನ ಮಂಡಿನೋವಿನ ಚೀಟಿ 34 ವರ್ಷದ ಮಗನ ಹೆಸರಲ್ಲಿ ಬರುತ್ತದೆ. ಕ್ಲೇಮ್ ಹೋಗುವುದು ಒಂದು ಕಡೆ, ನಾಳೆ ಮಗನದೇ ಆರೋಗ್ಯದ ದಾಖಲೆಯಲ್ಲಿ ಮಂಡಿ ಸವೆತ ಕೂರುತ್ತದೆ. ಕಾಲ್ ಶುರುವಾಗುವ ಮುಂಚೆ 'ಯಾರಿಗಾಗಿ' ಅನ್ನುವಲ್ಲಿ ಹೊಸ ಸದಸ್ಯರನ್ನು ಸೇರಿಸಿ.

ಎಲ್ಲಕ್ಕಿಂತ ದುಬಾರಿ ತಪ್ಪು ಚೀಟಿಯ ಮೇಲ್ಭಾಗದ ಒಂದು ಸಾಲಿನಲ್ಲಿ ಇರುತ್ತದೆ: 'ಪಾಸ್ಟ್ ಹಿಸ್ಟರಿ'. ಡಾಕ್ಟರು 'ಬಿಪಿ ಇದೆಯಾ?' ಅನ್ನುತ್ತಾರೆ. 'ಹೂಂ, ಒಂದು ಹತ್ತು ವರ್ಷ ಆಯ್ತೇನೋ' ಅಂತ ಅಂದಾಜಿನಲ್ಲಿ ಹೇಳುತ್ತೇವೆ. ನಿಜಕ್ಕೆ ಐದು ವರ್ಷವೂ ಆಗಿರುವುದಿಲ್ಲ. ಅವರು 'ಕೆಸಿಒ ಎಚ್‌ಟಿಎನ್, 10 ವರ್ಷ' ಎಂದು ಟೈಪ್ ಮಾಡುತ್ತಾರೆ, ಅಂದರೆ ಬಿಪಿ ಇರುವುದು ಗೊತ್ತಿರುವ ರೋಗಿ. ಪಾಲಿಸಿ ತೆಗೆದುಕೊಂಡು ಆರು ವರ್ಷವಾಗಿದ್ದರೆ ಅಷ್ಟೇನೂ ಭಯವಿಲ್ಲ. ಸತತ 60 ತಿಂಗಳು ಕಂತು ಕಟ್ಟಿದ ಮೇಲೆ, ವಂಚನೆ ಸಾಬೀತಾಗದ ಹೊರತು, ಮಾಹಿತಿ ಮುಚ್ಚಿಟ್ಟಿರಿ ಅಂತ ಕಂಪನಿ ತಗಾದೆ ತೆಗೆಯುವಂತಿಲ್ಲ. ಪಾಲಿಸಿಗೆ ಎರಡೇ ವರ್ಷವಾಗಿದ್ದು, ಪಾಲಿಸಿ ಕೊಳ್ಳುವಾಗ ತುಂಬಿದ ಅರ್ಜಿಯಲ್ಲಿ, ಅಂದರೆ ಪ್ರಪೋಸಲ್ ಫಾರ್ಮ್‌ನಲ್ಲಿ, ಬಿಪಿ ಬರೆದಿಲ್ಲದಿದ್ದರೆ, 300 ರೂಪಾಯಿಯ ಆ ಚೀಟಿ ಮೂರು ಲಕ್ಷದ ಹೃದಯದ ಕ್ಲೇಮನ್ನು ಎಳೆದು ಬೀಳಿಸಬಲ್ಲದು. ಸುಳ್ಳು ಹೇಳಿ ಅಂತ ಹೇಳುತ್ತಿಲ್ಲ. ಬಿಪಿ ಇದ್ದರೆ ಪ್ರಪೋಸಲ್‌ನಲ್ಲೇ ಬರೆಯಿರಿ. 2024ರ ನಿಯಮದಂತೆ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಮೂರು ವರ್ಷ ಮೀರುವಂತಿಲ್ಲ. ಡಾಕ್ಟರಿಗೆ ಹೇಳುವಾಗ ಅಂದಾಜು ಮಾಡಬೇಡಿ, 'ಮಾತ್ರೆ ಶುರುವಾಗಿದ್ದು 2022ರ ದಸರಾ ಹೊತ್ತಿಗೆ' ಅನ್ನುವಂತೆ ಹೇಳಿ. ಚೀಟಿ ಬಂದ ತಕ್ಷಣ ಓದಿ. ತಪ್ಪಿದ್ದರೆ ಆಗಲೇ ಚಾಟ್‌ನಲ್ಲಿ ತಿಳಿಸಿ ತಿದ್ದಿಸಿ. ಒಂದು ವರ್ಷ ಬಿಟ್ಟು, ಕ್ಲೇಮ್ ತಿರಸ್ಕಾರವಾದ ಮೇಲೆ ತಂದ ತಿದ್ದುಪಡಿ ಪತ್ರಕ್ಕೆ ಅಷ್ಟು ಬೆಲೆ ಇರುವುದಿಲ್ಲ.

ಯಾರನ್ನು ನೋಡಿದಿರಿ ಅನ್ನುವುದೂ ಮುಖ್ಯ. ಪಾಲಿಸಿಗಳಲ್ಲಿ 'ಮೆಡಿಕಲ್ ಪ್ರಾಕ್ಟೀಶನರ್' ಅಂದರೆ ವೈದ್ಯಕೀಯ ಪರಿಷತ್ತಿನಲ್ಲೋ ಭಾರತೀಯ ವೈದ್ಯ ಪದ್ಧತಿ, ಹೋಮಿಯೋಪಥಿಯ ಪರಿಷತ್ತಿನಲ್ಲೋ ನೋಂದಣಿ ಇರುವವರು. ವಿಡಿಯೊದಲ್ಲಿ ವ್ಯಾಯಾಮ ಹೇಳಿಕೊಟ್ಟ ಫಿಸಿಯೊಥೆರಪಿಸ್ಟ್, ಡಯಟಿಶಿಯನ್, ಮನಶ್ಶಾಸ್ತ್ರಜ್ಞರು ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಷ್ಟೇ ವಿಮೆ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಕಲಂ ಹೇಳುತ್ತದೆ, ನಿಜ. ಆದರೆ ದೈಹಿಕ ಕಾಯಿಲೆಗೇ ಒಪಿಡಿ ಇಲ್ಲದ ಪಾಲಿಸಿಯಲ್ಲಿ ವಾರಕ್ಕೊಂದು ವಿಡಿಯೊ ಕೌನ್ಸೆಲಿಂಗ್‌ಗೆ ಹಣ ಬರುವುದಿಲ್ಲ. ಅದಕ್ಕೆ ಹಣವೇ ಬೇಡದ ದಾರಿ ಒಂದಿದೆ: 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ ಸಂಸ್ಥೆ. ದಿನದ ಇಪ್ಪತ್ತನಾಲ್ಕು ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಡಾಕ್ಟರು ಬರೀ ಪ್ಯಾರಾಸಿಟಮಾಲ್ ಬರೆದರು ಅಂತ ಬೇಸರವೇ?

ಹಣ ಕೊಟ್ಟು ಫೋನ್ ಮಾಡಿದರೆ ಜ್ವರದ ಮಾತ್ರೆ, ಓಆರ್‌ಎಸ್ ಬಿಟ್ಟು ಏನೂ ಬರೆಯಲಿಲ್ಲ ಅನ್ನುವ ದೂರು ಇದೆ. ಕಾರಣ ಗೈಡ್‌ಲೈನ್ಸ್‌ನಲ್ಲಿರುವ ಔಷಧ ಪಟ್ಟಿಗಳು. 'ಒ' ಪಟ್ಟಿಯದ್ದನ್ನು ಫೋನ್, ಚಾಟ್, ವಿಡಿಯೊ ಯಾವುದರಲ್ಲಾದರೂ ಬರೆಯಬಹುದು. 'ಎ' ಪಟ್ಟಿಯದ್ದನ್ನು ಮೊದಲ ಭೇಟಿಯಲ್ಲಿ ಬರೆಯಬೇಕೆಂದರೆ ವಿಡಿಯೊದಲ್ಲಿ ರೋಗಿಯನ್ನು ನೋಡಿರಲೇಬೇಕು. 'ಬಿ' ಪಟ್ಟಿಯದ್ದು ಫಾಲೋ-ಅಪ್‌ಗೆ ಮಾತ್ರ, ಅಂದರೆ ಅದೇ ಡಾಕ್ಟರಿಗೆ ಅದೇ ಕಾಯಿಲೆಗೆ ಕಳೆದ ಆರು ತಿಂಗಳೊಳಗೆ ನೇರವಾಗಿ ತೋರಿಸಿದ್ದರೆ. ನಿದ್ರೆ ಮಾತ್ರೆಯಂಥ ಮಾದಕ ಔಷಧ ಕಾಯ್ದೆಯ ವ್ಯಾಪ್ತಿಯವು, ಶೆಡ್ಯೂಲ್ ಎಕ್ಸ್‌ನವು ನಿಷಿದ್ಧ ಪಟ್ಟಿಯಲ್ಲಿವೆ.

ಈಗ ಮಲೆನಾಡಿನ ಒಂದು ಮಳೆಗಾಲದ ಸಂಜೆ ನೆನೆಸಿಕೊಳ್ಳಿ. ಕರೆಂಟಿಲ್ಲ, ಟವರ್ ಬ್ಯಾಟರಿ ಮುಗಿಯುತ್ತಿದೆ, ವಿಡಿಯೊ ಎರಡು ಸಲ ನಿಂತಿತು. 'ಮಾತಲ್ಲೇ ಮುಗಿಸೋಣ' ಅಂತ ಆಡಿಯೊಗೆ ಬದಲಾಯಿಸಿದರೆ, ಮೊದಲ ಭೇಟಿ ಆಗಿದ್ದ ಪಕ್ಷದಲ್ಲಿ ಡಾಕ್ಟರು 'ಎ' ಪಟ್ಟಿಯನ್ನು ಮುಟ್ಟುವಂತಿಲ್ಲ. ಅವರು ಜಿಪುಣತನ ಮಾಡಿದ್ದಲ್ಲ. ಸಾಧ್ಯವಿದ್ದರೆ ಕರೆಯನ್ನು ಬೆಳಗ್ಗೆಗೆ ಮುಂದೂಡಿ, ಅಥವಾ ಮೊದಲ ಭೇಟಿಯನ್ನು ನೇರವಾಗಿ ಮಾಡಿ ಮುಂದಿನ ಆರು ತಿಂಗಳು ಫೋನಿನಲ್ಲಿ ನಡೆಸಿ. ಬಿಪಿ, ಸಕ್ಕರೆ, ಥೈರಾಯ್ಡ್‌ಗೆ ಈ ಎರಡನೆಯ ಕ್ರಮವೇ ಹೊಂದುತ್ತದೆ. ವರ್ಷಕ್ಕೆ ಎರಡು ಸಲ ಊರಿಂದ ಪೇಟೆಗೆ ಹೋದರೆ ಸಾಕಾಗುತ್ತದೆ.

ಊರಲ್ಲಿರುವ ಅಪ್ಪ-ಅಮ್ಮನ ಪರವಾಗಿ ಬೆಂಗಳೂರಿನಲ್ಲೋ ಡಲ್ಲಾಸ್‌ನಲ್ಲೋ ಕೂತ ಮಕ್ಕಳು ಡಾಕ್ಟರ ಜತೆ ಮಾತಾಡುವುದು ಈಗ ಸಾಮಾನ್ಯ. ರೋಗಿ ಜತೆಗಿಲ್ಲದೆ ಇನ್ನೊಬ್ಬರು ಮಾತಾಡಬೇಕೆಂದರೆ ರೋಗಿ 16 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನವರಾಗಿರಬೇಕು, ಇಲ್ಲವೇ ಮಾತಾಡುವ ಸ್ಥಿತಿಯಲ್ಲಿರಬಾರದು, ಇಲ್ಲವೇ ಮಾತಾಡುವವರ ಬಳಿ ಅಧಿಕಾರ ಪತ್ರವೋ ಸಂಬಂಧ ತೋರಿಸುವ ದಾಖಲೆಯೋ ಇರಬೇಕು, ಅಥವಾ ಹಿಂದೆ ನೇರ ಭೇಟಿಯಲ್ಲಿ ರೋಗಿಯೇ ಇವರನ್ನು ಪರಿಚಯಿಸಿರಬೇಕು. ಸುಲಭದ ಉಪಾಯ ಅಂದರೆ ಮೂವರ ಕಾಲ್. ಅಮ್ಮ 'ಹೂಂ ಡಾಕ್ಟ್ರೇ, ನನ್ ಮಗ ಹೇಳ್ತಾನೆ' ಅಂದರೆ ಮುಗಿಯಿತು. ಇನ್ನೊಂದು ಸೂಕ್ಷ್ಮ: ರೋಗಿ ಭಾರತದ ಯಾವ ಮೂಲೆಯಲ್ಲಿದ್ದರೂ ಇಲ್ಲಿನ ಡಾಕ್ಟರು ನೋಡಬಹುದು. ರೋಗಿಯೇ ವಿದೇಶದಲ್ಲಿದ್ದರೆ ಈ ಗೈಡ್‌ಲೈನ್ಸ್ ಅನ್ವಯಿಸುವುದಿಲ್ಲ. ಡಲ್ಲಾಸ್‌ನ ಮಗ ತನ್ನ ಕೆಮ್ಮಿಗೆ ದಾವಣಗೆರೆಯ ಡಾಕ್ಟರಿಂದ ಚೀಟಿ ಬರೆಸಿಕೊಂಡರೆ ಅಲ್ಲಿನ ಮೆಡಿಕಲ್ ಸ್ಟೋರಿನವರೂ ಕೊಡುವುದಿಲ್ಲ, ಅಲ್ಲಿನ ವಿಮೆಯೂ ಕೇಳುವುದಿಲ್ಲ.

ಪಾಲಿಸಿಯೇ ಇಲ್ಲದವರಿಗೆ, ಸರ್ಕಾರಿ ಕಾರ್ಡ್ ಇದ್ದವರಿಗೆ

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡ್ ಇದೆ, ಟೆಲಿ ಡಾಕ್ಟರಿಗೆ ಹಣ ಕೊಡುತ್ತಾರಾ ಅಂತ ಕೇಳುವವರಿದ್ದಾರೆ. ಇಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ಒಂದೂವರೆ ಲಕ್ಷದವರೆಗೆ. ಇದು ಆಸ್ಪತ್ರೆಯ ಚಿಕಿತ್ಸೆಗೆ, ಹಣ ಹೋಗುವುದು ಆಸ್ಪತ್ರೆಗೆ. ಪಿಎಂ-ಜೇ, ಅಂದರೆ ಕೇಂದ್ರದ ಆಯುಷ್ಮಾನ್ ಯೋಜನೆಯ, ಪ್ಯಾಕೇಜ್‌ನಲ್ಲಿ ಅಡ್ಮಿಶನ್‌ಗೆ ಮುಂಚಿನ 3 ದಿನ, ಡಿಸ್ಚಾರ್ಜ್ ನಂತರದ 15 ದಿನದ ಪರೀಕ್ಷೆ ಮತ್ತು ಔಷಧ ಸೇರಿವೆ. ಆ 15 ದಿನದೊಳಗೆ ಆಸ್ಪತ್ರೆಯವರು ಮಾತ್ರೆಗೆ ದುಡ್ಡು ಕೇಳಿದರೆ ಈ ಮಾತು ಎತ್ತಿ.

ಇವರಿಗೆ ಇರುವುದು ಸರ್ಕಾರದ ಟೆಲಿಮೆಡಿಸಿನ್ ಸೇವೆಯಾದ ಇ-ಸಂಜೀವನಿ. ಮೊಹಾಲಿಯ ಸಿ-ಡಾಕ್ ತಯಾರಿಸಿದ್ದು, ಮನೆಯಿಂದಲೇ ನೋಡುವ ಒಪಿಡಿ 2020ರ ಏಪ್ರಿಲ್‌ನಲ್ಲಿ ಬಂತು. ಪೂರ್ತಿ ಉಚಿತ. ಮೊಬೈಲ್ ನಂಬರ್ ಹಾಕಿ ಒಟಿಪಿ ಕೊಟ್ಟು, ರೋಗಿಯ ವಿವರ ತುಂಬಿ, ರಾಜ್ಯ ಮತ್ತು ಒಪಿಡಿ ಆರಿಸಿದರೆ ಟೋಕನ್ ಬರುತ್ತದೆ. ಸರದಿ ಬಂದಾಗ ಕರೆ ಮಾಡುವ ಗುಂಡಿ ಕಾಣುತ್ತದೆ, ಕೊನೆಗೆ ಇ-ಚೀಟಿ. ಹಳೆಯ ರಿಪೋರ್ಟುಗಳ ಫೋಟೊವನ್ನು ಟೋಕನ್ ತೆಗೆದುಕೊಳ್ಳುವ ಮುಂಚೆಯೇ ಹಾಕಿಡಿ. ಕಾಲ್ ನಡುವೆ ಗ್ಯಾಲರಿ ಹುಡುಕುತ್ತ ಕೂತರೆ ಡಾಕ್ಟರ ಸಮಯ ಅದಕ್ಕೇ ಹೋಗುತ್ತದೆ. ಸರದಿಯಲ್ಲಿ ಕಾಯುವಾಗ ಪರದೆ ಆರದಂತೆ ನೋಡಿಕೊಳ್ಳಿ, ವಾಟ್ಸ್‌ಆ್ಯಪ್‌ಗೆ ಹಾರಬೇಡಿ.

ಸ್ಮಾರ್ಟ್‌ಫೋನ್ ಇಲ್ಲದವರಿಗೆ ಇದಕ್ಕಿಂತ ವಾಸಿಯಾದ ದಾರಿ ಊರಿನ ಉಪಕೇಂದ್ರ, ಈಗ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಬೋರ್ಡ್ ಹಾಕಿರುತ್ತಾರೆ. ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ ಬಿಪಿ, ಸಕ್ಕರೆ ನೋಡಿ, ಅದನ್ನು ತುಂಬಿ, ಹಬ್‌ನ, ಅಂದರೆ ಬೇರೆಡೆಯ ಕೇಂದ್ರದಲ್ಲಿ ಕೂತಿರುವ, ಡಾಕ್ಟರಿಗೆ ಇ-ಸಂಜೀವನಿಯಲ್ಲೇ ಸಂಪರ್ಕ ಕೊಡುತ್ತಾರೆ. ಮನೆಯಿಂದ ಮಾಡುವ ಕಾಲ್‌ನಲ್ಲಿ ಯಾರೂ ಮುಟ್ಟಿ ನೋಡುವವರಿಲ್ಲ. ಇಲ್ಲಿ ರೋಗಿಯ ಪಕ್ಕದಲ್ಲಿ ಒಬ್ಬರು ತರಬೇತಿ ಇದ್ದವರು ಇರುತ್ತಾರೆ, ಅಂದಾಜಿನ ಬಿಪಿ ಬದಲು ಅಳೆದ ಬಿಪಿ ಡಾಕ್ಟರಿಗೆ ಸಿಗುತ್ತದೆ, ಔಷಧ ದಾಸ್ತಾನಿದ್ದರೆ ಅಲ್ಲೇ ಕೊಡುತ್ತಾರೆ. ದುಡ್ಡು ಕೊಟ್ಟು ಮಾಡುವ ಎಷ್ಟೋ ಆ್ಯಪ್ ಕಾಲ್‌ಗಳಿಗಿಂತ ಇದು ಒಳ್ಳೆಯ ವೈದ್ಯಕೀಯ ಎಂದೇ ನನ್ನ ತೀರ್ಮಾನ.

ಪಾಲಿಸಿ ಇಲ್ಲದ ಹಿರಿಯರ ಮನೆಯಲ್ಲಿ ತೆರಿಗೆ ಕಟ್ಟುವವರಿದ್ದರೆ ಟೆಲಿ ಕನ್ಸಲ್ಟೇಶನ್ ರಸೀದಿಗಳನ್ನು ಎಸೆಯಬೇಡಿ. 60 ದಾಟಿದವರಿಗೆ ಆರೋಗ್ಯ ವಿಮೆ ಇಲ್ಲದಿದ್ದರೆ ಅವರ ವೈದ್ಯಕೀಯ ಖರ್ಚಿಗೆ ಆದಾಯ ತೆರಿಗೆಯಲ್ಲಿ ವರ್ಷಕ್ಕೆ 50,000ದವರೆಗೆ ಕಡಿತ ಸಿಗುತ್ತದೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ನಗದು ಕೊಟ್ಟಿರಬಾರದು.

ಕೊಡುವುದಿಲ್ಲ ಅಂದರೆ

ಮೊದಲು ಪಾಲಿಸಿಯ ಕಸ್ಟಮರ್ ಇನ್ಫರ್ಮೇಶನ್ ಶೀಟ್, ಅಂದರೆ ಮುಖ್ಯ ಷರತ್ತುಗಳ ಸಾರಾಂಶ, ತೆಗೆಯಿರಿ. ಕೇಳಿದರೆ ಕನ್ನಡದಲ್ಲೂ ಕೊಡಬೇಕು, ಕೇಳುವವರು ಕಡಿಮೆ. ತಿರಸ್ಕಾರದ ಪತ್ರದಲ್ಲಿ ಪಾಲಿಸಿಯ ಯಾವ ಕಲಮಿನ ಪ್ರಕಾರ ಅಂತ ಬರೆದಿರಬೇಕು. 'ಟೆಲಿ ಕನ್ಸಲ್ಟೇಶನ್ ನಾಟ್ ಕವರ್ಡ್' ಅಂತಷ್ಟೇ ಇದ್ದರೆ ಕಲಂ ಯಾವುದು ಅಂತ ಈಮೇಲ್‌ನಲ್ಲಿ ಕೇಳಿ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮೂರನೆಯ ದಾರಿಯ ಕ್ಲೇಮ್ ಆಗಿದ್ದರೆ ಪತ್ರದಲ್ಲಿ ಬರೆಯಬೇಕಾದ್ದು ಇಷ್ಟೇ: ಅಡ್ಮಿಶನ್ ಮತ್ತು ಡಿಸ್ಚಾರ್ಜ್ ದಿನಾಂಕ, ಕಾಲ್ ನಡೆದ ದಿನಾಂಕ, ಎಷ್ಟನೇ ದಿನ, ಡಾಕ್ಟರ ನೋಂದಣಿ ಸಂಖ್ಯೆ, ಮತ್ತು 'ವೈದ್ಯರ ಸಲಹೆಗೆ ಹಣ ಸಲ್ಲುವಲ್ಲೆಲ್ಲ ಟೆಲಿಮೆಡಿಸಿನ್‌ಗೂ ಸಲ್ಲುತ್ತದೆ ಎಂಬ 11-06-2020ರ ಐಆರ್‌ಡಿಎಐ ಸುತ್ತೋಲೆ'. ಕಂಪನಿಯ ಪರವಾಗಿ ಕ್ಲೇಮ್ ನೋಡುವ ಏಜೆನ್ಸಿಯ (ಟಿಪಿಎ) ಮೇಜಿನಲ್ಲಿ ಕೂತವರಿಗೆ ಈ ಸುತ್ತೋಲೆ ಗೊತ್ತಿಲ್ಲದಿರುವುದೂ ಉಂಟು. ಚೀಟಿ ಕಳೆದುಹೋಗಿದ್ದರೆ ಡಾಕ್ಟರನ್ನು ಕೇಳಿ. ದಾಖಲೆಯನ್ನು ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ನಿಯಮಾವಳಿಯಲ್ಲೇ ಇದೆ.

ಕಂಪನಿಯ ಕುಂದುಕೊರತೆ ಅಧಿಕಾರಿಗೆ ಎರಡು ವಾರ ಸಮಯ. ಅಲ್ಲಿ ಆಗದಿದ್ದರೆ ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣ, ಅಥವಾ 155255. ಅದಾದ ಮೇಲೆ ವಿಮೆಯ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ಇನ್ಶೂರೆನ್ಸ್ ಓಂಬುಡ್ಸ್‌ಮನ್. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿ. ಕಂಪನಿಗೆ ಲಿಖಿತ ದೂರು ಕೊಟ್ಟು ತಿಂಗಳಾದರೂ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ವ್ಯಾಜ್ಯ ತೆಗೆದುಕೊಳ್ಳುತ್ತಾರೆ. ಗ್ರಾಹಕ ನ್ಯಾಯಾಲಯದಲ್ಲಿ ಅದೇ ವಿಷಯ ಹಾಕಿದ್ದರೆ ಇಲ್ಲಿ ನಡೆಯುವುದಿಲ್ಲ. 500 ರೂಪಾಯಿಯ ಒಂದು ಕಾಲ್‌ಗೆ ಇಷ್ಟೆಲ್ಲ ಅಲೆದಾಟ ಯಾಕೆ ಅನ್ನಿಸಿದರೆ ಒಪ್ಪುತ್ತೇನೆ. ಆದರೆ ಟೆಲಿ ಚೀಟಿಯ 'ಹತ್ತು ವರ್ಷದ ಬಿಪಿ' ಹಿಡಿದು ದೊಡ್ಡ ಕ್ಲೇಮ್ ತಿರಸ್ಕರಿಸಿದ್ದರೆ ಹೋಗಲೇಬೇಕು. ದೂರನ್ನು ಆನ್‌ಲೈನ್‌ನಲ್ಲೇ ಹಾಕಬಹುದು. 2021ರ ತಿದ್ದುಪಡಿಯ ನಂತರ ವಿಚಾರಣೆಯನ್ನು ವಿಡಿಯೊದಲ್ಲೂ ನಡೆಸಲು ಅವಕಾಶವಿದೆ, ಕುಮಟೆಯವರು ಅದಕ್ಕಾಗಿ ರಾತ್ರಿ ಬಸ್ ಹತ್ತಬೇಕಿಲ್ಲ. ಪ್ರಪೋಸಲ್ ಫಾರ್ಮ್‌ನ ಪ್ರತಿ, ಬಿಪಿ ಮೊದಲು ಪತ್ತೆಯಾದ ದಿನದ ಚೀಟಿ, ಮೊದಲ ಸಲ ಮಾತ್ರೆ ಕೊಂಡ ಬಿಲ್, ಈ ಮೂರನ್ನು ಕೈಗೆಟಕುವಂತೆ ಇಟ್ಟುಕೊಂಡು ಕೂರಿ. ಮೊದಲು ಕೇಳುವುದು ಅದನ್ನೇ.